ತೆರಿಗೆಯ ಕಾಗದವನ್ನು ಓದಬಲ್ಲವರು ಯಾರು?

ಸೋನ್ಯಾಳದ ಉತಾರೆಯಿಂದ ಬಿಜಾಪುರದ ಫರ್ಮಾನಿನವರೆಗೆ

ಸಾಂಗ್ಲಿ ಜಿಲ್ಲೆಯ ಜತ್ತ ತಾಲ್ಲೂಕಿನ ಸೋನ್ಯಾಳದಲ್ಲಿ ಅನೇಕ ಮನೆಗಳ ಮಾತು ಕನ್ನಡ, ಹೊಲದ ಕಾಗದ ಮಾತ್ರ ಮರಾಠಿ. ಮಕ್ಕಳು ಶಾಲೆಯಲ್ಲಿ ಕನ್ನಡ ಪಠ್ಯವನ್ನು ಓದುತ್ತಾರೆ. ಅದೇ ಮನೆಯ ಹಿರಿಯರು ಬೆಳೆಸಾಲಕ್ಕಾಗಲಿ, ಬರಪರಿಹಾರಕ್ಕಾಗಲಿ, ಅಣ್ಣತಮ್ಮಂದಿರ ಪಾಲಿಗಾಗಲಿ ತಲಾಠಿಯಿಂದ ‘ಸಾತ್‌ಬಾರಾ’ ಉತಾರೆಯನ್ನು ತರುತ್ತಾರೆ. ಸಾತ್ ಎಂದರೆ ಗ್ರಾಮಲೆಕ್ಕದ ಏಳನೆಯ ನಮೂನೆ; ಭೂಮಿಯ ಹಕ್ಕುದಾರರು ಯಾರೆಂಬುದು ಅಲ್ಲಿ ದಾಖಲಾಗಿರುತ್ತದೆ. ಬಾರಾ ಎಂದರೆ ಹನ್ನೆರಡನೆಯ ನಮೂನೆ. ಯಾವ ವರ್ಷ ಯಾವ ಬೆಳೆ ಇತ್ತೆಂಬುದನ್ನು ಅದು ತಿಳಿಸುತ್ತದೆ. ಆರನೆಯ ನಮೂನೆ ಫೇರಫಾರಿನದು, ಅಂದರೆ ಹೆಸರು ಬದಲಾದ ಲೆಕ್ಕ. ‘ಎಂಟು-ಅ’ ಒಬ್ಬ ಖಾತೆದಾರನ ಒಟ್ಟು ಹಿಡುವಳಿಯನ್ನು ತೋರಿಸುತ್ತದೆ. ಸರ್ಕಾರಕ್ಕೆ ಸಲ್ಲಬೇಕಾದ ಕಂದಾಯದ ಅಂಕಿಯೂ ಈ ಕಾಗದಗಳಲ್ಲಿ ಇರುತ್ತದೆ.

ಈ ಕಾಗದವನ್ನು ಹಿಡಿದವರೆಲ್ಲರೂ ಅದನ್ನು ಓದಬಲ್ಲರೆಂದು ಹೇಳಲಾಗದು. ಭಾಷೆಯೊಂದೇ ಇದಕ್ಕೆ ಕಾರಣವಲ್ಲ. ಜಿಲ್ಲೆ, ತಾಲ್ಲೂಕು, ತಹಶೀಲು, ಮಹಸೂಲು, ವಸೂಲಿ, ಅರ್ಜಿ, ಜಮೀನು ಎಂಬ ಮಾತುಗಳು ಮೂಲತಃ ಕನ್ನಡದವೂ ಅಲ್ಲ, ಮರಾಠಿಯವೂ ಅಲ್ಲ. ಅರಬ್ಬಿ ಮತ್ತು ಪಾರಸಿಗಳಿಂದ ಬಂದು ಎರಡೂ ಭಾಷೆಗಳಲ್ಲಿ ಮನೆಮಾಡಿಕೊಂಡಂಥವು. ಅರಸನ ಆಸ್ಥಾನ, ಅದರ ನ್ಯಾಯಸಭೆ, ಅದರ ತೆರಿಗೆಯ ಲೆಕ್ಕ ಇವು ಮೂರೂ ಕೈಬರಹದ ಕಾಗದಗಳ ಮೂಲಕ ಹಳ್ಳಿಯನ್ನು ತಲುಪಿದ ಕಾಲದ ಗುರುತುಗಳಿವು. ಆ ಕಾಗದಗಳ ಕಥೆಯನ್ನು ಅರಿತರೆ ಇಂದಿನ ಉತಾರೆಯೂ ಸುಲಭವಾಗುತ್ತದೆ. ಓದಲು ಬಾರದ ಕಾಗದವೊಂದು ಒಂದು ಮನೆತನದ ಬಾಳನ್ನು ಹೇಗೆ ತಿರುಗಿಸಬಲ್ಲದು ಎಂಬುದೂ ಅದರಿಂದಲೇ ತಿಳಿಯುತ್ತದೆ.

ಕಲ್ಲಿನಿಂದ ಕಾಗದಕ್ಕೆ

ಭೀಮಾ ಮತ್ತು ಕೃಷ್ಣಾ ನದಿಗಳ ನಡುವಣ ಈ ನಾಡಿನಲ್ಲಿ ತೆರಿಗೆಯ ಹಳೆಯ ಭಾಷೆ ಕನ್ನಡವೇ ಆಗಿತ್ತು. ಕಲ್ಯಾಣದ ಚಾಲುಕ್ಯರ, ಕಳಚುರಿಗಳ, ದೇವಗಿರಿಯ ಯಾದವರ ಕಾಲದ ಕನ್ನಡ ಶಾಸನಗಳು ಇಂದಿನ ಸಾಂಗ್ಲಿ, ಸೊಲ್ಲಾಪುರ ಜಿಲ್ಲೆಗಳಲ್ಲಿಯೂ ದೊರೆತಿವೆ. ಆ ಕಾಲದ ಶಾಸನಗಳಲ್ಲಿ ಸುಂಕ, ಹೆಜ್ಜುಂಕ, ವಡ್ಡರಾವುಳ, ಸಿದ್ಧಾಯ, ಮನೆದೆರೆ, ಗಾಣದೆರೆ ಮೊದಲಾದ ಹೆಸರುಗಳು ಮತ್ತೆ ಮತ್ತೆ ಬರುತ್ತವೆ. ಸಿದ್ಧಾಯವೆಂದರೆ ಗೊತ್ತುಪಡಿಸಿದ ಸ್ಥಿರ ಕಂದಾಯ; ಗಾಣದೆರೆ ಎಣ್ಣೆಯ ಗಾಣದ ಮೇಲಿನದು. ಜತ್ತಕ್ಕೆ ಉತ್ತರದಲ್ಲಿರುವ ಮಂಗಳವೇಢೆ ಕಳಚುರಿ ಬಿಜ್ಜಳನ ರಾಜಧಾನಿಯಾಗಿತ್ತು. ಬಸವಣ್ಣನವರು ಅಲ್ಲಿಯೇ ಲೆಕ್ಕ ಬರೆಯುವ ಕರಣಿಕರಾಗಿ ಸೇರಿ ಮುಂದೆ ಭಂಡಾರಿಗಳಾದರೆಂದು ಪರಂಪರೆ ಹೇಳುತ್ತದೆ. ಸುಂಕದ ಕಟ್ಟೆಯ ಕಾಯಕವನ್ನೇ ಹೆಸರಿನಲ್ಲಿ ಹೊತ್ತ ಸುಂಕದ ಬಂಕಣ್ಣನೆಂಬ ವಚನಕಾರನೂ ಶರಣರ ಸಾಲಿನಲ್ಲಿದ್ದಾನೆ.

ಕಲ್ಲಿನ ಶಾಸನವನ್ನು ದೇವಾಲಯದ ಮುಂದೆ ಊರಿನ ನಡುವೆ ನಿಲ್ಲಿಸುತ್ತಿದ್ದರು. ಅಕ್ಷರ ಬಲ್ಲ ಒಬ್ಬನು ಓದಿದರೆ ಹತ್ತು ಜನ ಕೇಳುತ್ತಿದ್ದರು. ದಿನನಿತ್ಯದ ಲೆಕ್ಕಕ್ಕೆ ಕಲ್ಲು ಸಾಲದು. ಅದಕ್ಕಾಗಿ ಕನ್ನಡ ನಾಡಿನ ಕರಣಿಕರು ಕಡತವನ್ನು ಬಳಸಿದರು. ಬಟ್ಟೆಗೆ ಹುಣಸೆಬೀಜದ ಅಂಟನ್ನೂ ಇದ್ದಿಲಿನ ಪುಡಿಯನ್ನೂ ಬಳಿದು ಕಪ್ಪಗೆ ಮಾಡಿ, ಮಡಿಕೆ ಮಡಿಕೆಯಾಗಿ ಮಡಿಚಿ, ಬಳಪದಿಂದ ಬೆಳ್ಳಗೆ ಬರೆಯುವುದು ಅದರ ಕ್ರಮ. ಇಂದು ಕಚೇರಿಯ ಫೈಲಿಗೆ ಕನ್ನಡದಲ್ಲಿ ಕಡತವೆನ್ನುವುದು ಆ ಬಟ್ಟೆಯ ನೆನಪಿನಿಂದಲೇ. ಅನಂತರ ಕಾಗದ ಬಂದಿತು. ಕಾಗದದೊಡನೆ ಹೊಸ ಆಸ್ಥಾನದ ಭಾಷೆಯೂ ಬಂದಿತು.

ಬಿಜಾಪುರದ ಎರಡು ಭಾಷೆಯ ಆಜ್ಞೆಗಳು

ಸುಮಾರು 1490ರಿಂದ 1686ರವರೆಗೆ ಬಿಜಾಪುರದಿಂದ ಆಳಿದ ಆದಿಲಶಾಹಿ ಅರಸರ ಆಸ್ಥಾನದ ಭಾಷೆ ಪಾರಸಿ. ಅವರ ಪ್ರಜೆಗಳಾದರೋ ಕನ್ನಡ, ಮರಾಠಿ, ದಖನಿ, ತೆಲುಗು ಮಾತಾಡುವವರು. 1534ರಲ್ಲಿ ಪಟ್ಟಕ್ಕೆ ಬಂದ ಮೊದಲನೆಯ ಇಬ್ರಾಹಿಂ ಆದಿಲಶಾಹನು ಸರ್ಕಾರದ ಲೆಕ್ಕಪತ್ರಗಳನ್ನು ಪಾರಸಿಯಿಂದ ನಾಡಭಾಷೆಗೆ ಬದಲಿಸಿ, ಆ ಕೆಲಸವನ್ನು ಸ್ಥಳೀಯ ಬ್ರಾಹ್ಮಣ ಕರಣಿಕರಿಗೆ ವಹಿಸಿದನೆಂದು ಇತಿಹಾಸಕಾರ ಫೆರಿಸ್ತಾ ಬರೆದಿದ್ದಾನೆ. ಫೆರಿಸ್ತಾ ಬಿಜಾಪುರದಲ್ಲಿ ಎರಡನೆಯ ಇಬ್ರಾಹಿಮನ ಆಶ್ರಯದಲ್ಲಿದ್ದವನು. ಆದಿಲಶಾಹಿ ಆಜ್ಞಾಪತ್ರಗಳಲ್ಲಿ ಅನೇಕವು ಇಂದಿಗೂ ಎರಡು ಭಾಷೆಗಳಲ್ಲಿ ಕಾಣಸಿಗುತ್ತವೆ. ಮೇಲೆ ಪಾರಸಿಯ ಬರಹ ಮತ್ತು ಮುದ್ರೆ; ಕೆಳಗೆ ಅದೇ ಆಜ್ಞೆ ಮೋಡಿ ಲಿಪಿಯ ಮರಾಠಿಯಲ್ಲಿ. ಮೇಲಿನ ಭಾಗ ಅರಸನ ಅಧಿಕಾರಕ್ಕೆ, ಕೆಳಗಿನದು ವಸೂಲಿ ಮಾಡುವವನ ತಿಳುವಳಿಕೆಗೆ.

ಆಜ್ಞೆಯನ್ನು ಹಳ್ಳಿಗೆ ಮುಟ್ಟಿಸುವವರು ವತನದಾರರು. ಪರಗಣೆಗೆ ದೇಶಮುಖ ಮತ್ತು ದೇಶಪಾಂಡೆ. ಕನ್ನಡ ಸೀಮೆಯಲ್ಲಿ ದೇಸಾಯಿ, ನಾಡಗೌಡ, ನಾಡಕರ್ಣಿ. ಹಳ್ಳಿಗೆ ಪಾಟೀಲ ಅಥವಾ ಗೌಡ ಮತ್ತು ಲೆಕ್ಕ ಬರೆಯುವ ಕುಲಕರ್ಣಿ. ಜತ್ತದ ಚರಿತ್ರೆಯೂ ಇಂಥ ಒಂದು ವತನದ ಕಾಗದದಿಂದಲೇ ಆರಂಭವಾಗುತ್ತದೆ. ಡಫಳಾಪುರದ ಪಾಟೀಲಕಿಯನ್ನು ನಡೆಸುತ್ತಿದ್ದ ಚವಾಣ ಮನೆತನದ ಸಟವಾಜಿರಾವ್ 17ನೆಯ ಶತಮಾನದ ಉತ್ತರಾರ್ಧದಲ್ಲಿ ಬಿಜಾಪುರದ ಅರಸರಿಂದ ಜತ್ತ, ಕರಜಗಿ ಮೊದಲಾದ ಪರಗಣೆಗಳ ದೇಶಮುಖಿಯನ್ನು ಪಡೆದನು. ಊರಿನ ಹೆಸರಿನಿಂದ ಡಫಳೆ ಎನಿಸಿಕೊಂಡ ಆ ಮನೆತನವೇ ಮುಂದೆ ಜತ್ತ ಸಂಸ್ಥಾನವನ್ನು ಆಳಿತು. 1686ರಲ್ಲಿ ಬಿಜಾಪುರವು ಔರಂಗಜೇಬನ ವಶವಾಯಿತು. ಅನಂತರ ಮರಾಠರ ಚೌಥ ಮತ್ತು ಸರದೇಶಮುಖಿ, ಅಂದರೆ ಕಂದಾಯದ ನಾಲ್ಕನೆಯ ಒಂದು ಮತ್ತು ಹತ್ತನೆಯ ಒಂದು ಪಾಲಿನ ಹಕ್ಕುಗಳು, ಈ ಸೀಮೆಯ ಮೇಲೂ ಬಂದವು. ಅವಕ್ಕೂ 1719ರಲ್ಲಿ ದಿಲ್ಲಿಯ ಬಾದಶಹನ ಸನದುಗಳು ಬೇಕಾದವು. 1820ರಲ್ಲಿ ಡಫಳೆಯವರು ಇಂಗ್ಲಿಷರೊಡನೆ ಒಪ್ಪಂದ ಮಾಡಿಕೊಂಡರು. ಅರಸರು ಬದಲಾದಾಗಲೆಲ್ಲ ವತನದಾರನು ಹಳೆಯ ಕಾಗದವನ್ನು ತೋರಿಸಿ ಹೊಸ ಕಾಗದವನ್ನು ಪಡೆಯಬೇಕಾಗಿತ್ತು. ಆದುದರಿಂದಲೇ ಆ ಮನೆತನಗಳು ಕಾಗದದ ಪೆಟ್ಟಿಗೆಯನ್ನು ಬೆಳ್ಳಿಬಂಗಾರದಂತೆ ಕಾಪಾಡಿದವು.

ಮಹಜರು: ಊರೇ ನ್ಯಾಯಸಭೆ

ವತನಕ್ಕಾಗಿ, ಹೊಲದ ಗಡಿಗಾಗಿ, ತೆರಿಗೆಯ ಪಾಲಿಗಾಗಿ ವ್ಯಾಜ್ಯ ಹುಟ್ಟಿದಾಗ ಅರಸನ ಅಧಿಕಾರಿಯು ಒಬ್ಬನೇ ತೀರ್ಪು ಕೊಡುತ್ತಿರಲಿಲ್ಲ. ಅಧಿಕಾರಿಗಳು, ದೇಶಮುಖ, ದೇಶಪಾಂಡೆ, ನೆರೆಯೂರುಗಳ ಪಾಟೀಲರು, ಕುಲಕರ್ಣಿಗಳು, ಪೇಟೆಯ ಶೆಟ್ಟಿಗಳು, ಊರಿನ ಆಯಗಾರರು ಸೇರಿ ಸಭೆ ಕೂಡುತ್ತಿದ್ದರು. ಮರಾಠಿಯಲ್ಲಿ ಇದು ಗೋತಸಭೆ. ಸಭೆಯ ತೀರ್ಮಾನವನ್ನು ಬರೆದ ಪತ್ರವೇ ಮಹಜರು. ‘ಹಾಜರಿ’ ಎಂಬ ಮಾತು ಹುಟ್ಟಿದ ಅರಬ್ಬಿ ಮೂಲದಿಂದಲೇ ಇದೂ ಹುಟ್ಟಿದೆ. ಹಾಜರಿದ್ದವರ ಸಮಕ್ಷಮದಲ್ಲಿ ಆದದ್ದು ಎಂದು ಅರ್ಥ.

ವಿಚಾರಣೆಗೆ ಒಂದು ಕ್ರಮವಿತ್ತು. ಸಭೆಯ ತೀರ್ಮಾನಕ್ಕೆ ಬದ್ಧರಾಗಿರುತ್ತೇವೆಂದು ಎರಡೂ ಪಕ್ಷದವರು ಮೊದಲು ಒಪ್ಪಿಗೆಯ ಪತ್ರವನ್ನು ಬರೆದುಕೊಡಬೇಕು. ಅದರ ಹೆಸರು ರಾಜೀನಾಮೆ. ‘ರಾಜಿ’ ಎಂದರೆ ಸಮ್ಮತಿ. ಜಾಮೀನನ್ನು ಕೊಡಬೇಕು. ಅನಂತರ ಇಬ್ಬರ ಹೇಳಿಕೆ, ಹಳೆಯ ಕಾಗದಗಳ ಪರಿಶೀಲನೆ, ಸಾಕ್ಷಿಗಳ ಮಾತು. ಯಾವುದೂ ನಿರ್ಣಾಯಕವಾಗದಿದ್ದರೆ ಮಾತ್ರ ದಿವ್ಯ: ಕುದಿಯುವ ಎಣ್ಣೆಯಿಂದ ಲೋಹದ ತುಂಡನ್ನು ಎತ್ತುವಂಥ ಕಠಿಣ ಪರೀಕ್ಷೆ. ಸೋತವನು ತನ್ನ ಸೋಲನ್ನು ಒಪ್ಪಿ ‘ಯೇಜಿತಖತ’ವನ್ನು ಬರೆದುಕೊಡುತ್ತಿದ್ದನು. ಗೆದ್ದವನು ‘ಹರಕಿ’ಯನ್ನೂ ಸೋತವನು ‘ಗುನ್ಹೇಗಾರಿ’ಯನ್ನೂ ಸರ್ಕಾರಕ್ಕೆ ತೆರಬೇಕಾಗಿತ್ತು. ನ್ಯಾಯದಾನವೂ ಬೊಕ್ಕಸದ ಒಂದು ಆದಾಯವೇ ಆಗಿದ್ದುದರಿಂದ ನ್ಯಾಯಸಭೆಯ ಕಾಗದವನ್ನೂ ತೆರಿಗೆಯ ಕಾಗದವನ್ನೂ ಬೇರೆ ಬೇರೆಯಾಗಿ ಓದಲಾಗದು.

ಕಾಗದ, ಸಾಕ್ಷಿ, ಅನುಭವ ಎಂಬ ಈ ಮೂರು ಆಧಾರಗಳು ಪಾರಸಿಯ ಆಸ್ಥಾನದಿಂದ ಬಂದವಲ್ಲ. ಕಲ್ಯಾಣದಲ್ಲಿ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ‘ಮಿತಾಕ್ಷರಾ’ವನ್ನು ಬರೆದ ವಿಜ್ಞಾನೇಶ್ವರನು ಲಿಖಿತ, ಸಾಕ್ಷಿ, ಭುಕ್ತಿ ಎಂದು ವಿವರಿಸಿದ ಪ್ರಮಾಣಗಳು ಇವೇ. ಯಾಜ್ಞವಲ್ಕ್ಯಸ್ಮೃತಿಯ ವ್ಯಾಖ್ಯಾನವಾದ ಆ ಗ್ರಂಥವು ಕೈಬರಹದ ಪ್ರತಿಗಳಲ್ಲಿಯೇ ಶತಮಾನಗಳ ಕಾಲ ದೇಶದಾದ್ಯಂತ ಹರಡಿತು. ಪಿತ್ರಾರ್ಜಿತ ಆಸ್ತಿಯ ಪಾಲಿನ ವಿಷಯದಲ್ಲಿ ಭಾರತದ ನ್ಯಾಯಾಲಯಗಳು ಇಂದಿಗೂ ಅದರ ಹೆಸರನ್ನು ಹೇಳುತ್ತವೆ. ಬಿಜಾಪುರದ ಆಡಳಿತದ ಮಹಜರಿನಲ್ಲಿ ಪದಗಳು ಅರಬ್ಬಿಯವಾದರೂ ವಿಚಾರಣೆಯ ಎಲುಬು ಈ ನೆಲದ್ದೇ ಆಗಿತ್ತು.

ಮಹಜರಿನ ಕೊನೆಯಲ್ಲಿ ಒಂದು ವಿಶೇಷವಿದೆ. ಅಕ್ಷರ ಬಲ್ಲವರು ಅಲ್ಲಿ ಹೆಸರು ಬರೆದರೆ, ಬಾರದವರು ತಮ್ಮ ವೃತ್ತಿಯ ‘ನಿಶಾನಿ’ಯನ್ನು ಬಿಡಿಸುತ್ತಿದ್ದರು. ಪಾಟೀಲನದು ನೇಗಿಲು, ಕುಲಕರ್ಣಿಯದು ದೌತಿ ಮತ್ತು ಲೇಖನಿ, ಶೆಟ್ಟಿಯದು ತಕ್ಕಡಿ, ಕಸುಬುದಾರರದು ಅವರವರ ಸಲಕರಣೆ. ಓದುಬರಹವಿಲ್ಲದ ಮನುಷ್ಯನೂ ಊರಿನ ನ್ಯಾಯದಲ್ಲಿ ಪಾಲುದಾರನೆಂಬುದಕ್ಕೆ ಆ ನೇಗಿಲಿನ ಚಿತ್ರವು ಸಾಕ್ಷಿ. ಆದರೆ ಆ ಚಿತ್ರದ ಮೇಲ್ಗಡೆ ಏನು ಬರೆದಿದೆ ಎಂಬುದಕ್ಕೆ ಅವನು ಬರೆದವನ ಮಾತನ್ನೇ ನಂಬಬೇಕಾಗಿತ್ತು.

ಆ ಪದಗಳ ಮುಂದಿನ ಬಾಳೂ ಗಮನಾರ್ಹವಾದುದು. ಕರ್ನಾಟಕದಲ್ಲಿ ಪೊಲೀಸರು ಪಂಚರ ಎದುರಿಗೆ ಬರೆಯುವ ಪತ್ರಕ್ಕೆ ಇಂದಿಗೂ ಮಹಜರು ಎಂದೇ ಹೆಸರು. ಮಹಾರಾಷ್ಟ್ರದಲ್ಲಿ ಅದು ಪಂಚನಾಮೆ. ರಾಜೀನಾಮೆಯಂತೂ ಅರ್ಥವನ್ನೇ ಬದಲಿಸಿಕೊಂಡಿತು. ಬ್ರಿಟಿಷರ ಕಾಲದಲ್ಲಿ ರೈತನು ಹೊಲವನ್ನು ಬಿಟ್ಟುಕೊಡುವಾಗ ಬರೆದುಕೊಡುವ ಪತ್ರವೂ ರಾಜೀನಾಮೆಯೆನಿಸಿತು. ಇಂದು ಹುದ್ದೆಯನ್ನು ಬಿಡುವ ಪತ್ರಕ್ಕೆ ಆ ಹೆಸರು.

ಮಿರಗದ ಮಳೆಯಿಂದ ಹೊಸ ವರ್ಷ

ಹಳೆಯ ಮೋಡಿ ಕಾಗದಗಳನ್ನು ನೋಡಿದವರಿಗೆ ಮೊದಲು ತೊಡಕಾಗುವುದು ಅವುಗಳ ಇಸವಿ. ಅಲ್ಲಿ ಕ್ರಿಸ್ತಶಕವಿಲ್ಲ, ‘ಶುಹೂರ ಸನ’ ಇದೆ. ಅದನ್ನೂ ಅಂಕಿಗಳಲ್ಲಿ ಬರೆಯದೆ ಅರಬ್ಬಿ ಎಣಿಕೆಯ ಪದಗಳಲ್ಲಿ ಬರೆಯುವುದು ವಾಡಿಕೆ. ಇಹಿದೆ ಒಂದು, ಇಸನ್ನೆ ಎರಡು, ಸಲಾಸ ಮೂರು, ಅರ್ಬಾ ನಾಲ್ಕು, ಖಮಸ ಐದು, ಸಿತ ಆರು, ಸಬಾ ಏಳು, ಸಮಾನ ಎಂಟು, ತಿಸಾ ಒಂಬತ್ತು. ಸಬೈನ ಎಪ್ಪತ್ತು, ಮಯಾ ನೂರು, ಅಲಫ ಸಾವಿರ. ಬಿಡಿಯಿಂದ ಆರಂಭಿಸಿ ಸಾವಿರದ ಕಡೆಗೆ ಓದಬೇಕು. ‘ಸಮಾನ ಸಬೈನ ಅಲಫ’ ಎಂದಿದ್ದರೆ ಎಂಟು, ಎಪ್ಪತ್ತು, ಸಾವಿರ, ಅಂದರೆ 1078. ಅದಕ್ಕೆ 599ನ್ನು ಕೂಡಿದರೆ 1677 ಬರುತ್ತದೆ. ಆ ವರ್ಷದ ಮಳೆಗಾಲದ ಮೊದಲಿನಿಂದ ಮುಂದಿನ ಬೇಸಿಗೆಯ ತನಕದ ಕಾಲವದು. ಆದುದರಿಂದ ಜನವರಿಯಿಂದ ಮುಂದಿನ ತಿಂಗಳುಗಳಿಗೆ 600ನ್ನು ಕೂಡಬೇಕು. ಇನ್ನು ಕೆಲವು ಕಾಗದಗಳಲ್ಲಿ ‘ಫಸಲಿ’ ಎಂದಿರುತ್ತದೆ. ದಖ್ಖನಿನ ಫಸಲಿಗೆ 590ನ್ನು ಕೂಡಬೇಕು.

ಮನೆಯ ಹಳೆಯ ಕಾಗದವೊಂದು ಕೈಗೆ ಸಿಕ್ಕರೆ ಶಾಲೆಯ ಮಕ್ಕಳು ಈ ಲೆಕ್ಕವನ್ನು ತಾವೇ ಮಾಡಬಲ್ಲರು. ಅದರ ಹಿಂದಿನ ಯುಕ್ತಿಯೂ ತಿಳಿಯತಕ್ಕದ್ದೇ. ಇಸ್ಲಾಮೀ ಚಾಂದ್ರಮಾನ ವರ್ಷವು ಸೌರವರ್ಷಕ್ಕಿಂತ ಸುಮಾರು ಹನ್ನೊಂದು ದಿನ ಕಡಿಮೆ. ಅದನ್ನು ಅನುಸರಿಸಿದರೆ ಕಂದಾಯದ ಕಂತು ಬೆಳೆಗಿಂತ ಮುಂದೆ ಮುಂದೆ ಬರುತ್ತದೆ. ಕೊಯ್ಲಿಗೆ ಮೊದಲೇ ತೆರಿಗೆ ಕೇಳಿದಂತಾಗುತ್ತದೆ. ಆದಕಾರಣ ಶುಹೂರ ಸನವನ್ನು ಸೂರ್ಯನು ಮೃಗಶಿರಾ ನಕ್ಷತ್ರವನ್ನು ಪ್ರವೇಶಿಸುವ ದಿನದಿಂದ ಎಣಿಸಿದರು. ಸೋನ್ಯಾಳದ ರೈತನು ಇಂದಿಗೂ ಕಾಯುವ ಮಿರಗದ ಮಳೆಯ ದಿನವೇ ಬಿಜಾಪುರದ ಲೆಕ್ಕದ ಪುಸ್ತಕದ ಹೊಸ ವರ್ಷವಾಗಿತ್ತು. ತೆರಿಗೆಯನ್ನು ಕೇಳುವವನು ಮಳೆಯ ಮಾತನ್ನೂ ಕೇಳಬೇಕೆಂಬ ತಿಳಿವು ಅದರಲ್ಲಿದೆ.

ಶಿಸ್ತು ಎಂಬ ಮಾತಿನ ಹಿಂದೆ

ಅದೇ 17ನೆಯ ಶತಮಾನದಲ್ಲಿ ಮಲೆನಾಡಿನಲ್ಲಿ ಕೆಳದಿಯ ಶಿವಪ್ಪ ನಾಯಕನು 1645ರಿಂದ 1660ರವರೆಗೆ ಆಳಿದನು. ಅವನ ಕಂದಾಯದ ಕಟ್ಟಳೆಗೆ ‘ಶಿಸ್ತು’ ಎಂದು ಹೆಸರು. ಭೂಮಿಯನ್ನು ಉತ್ತಮ, ಮಧ್ಯಮ, ಕನಿಷ್ಠ, ಅಧಮ, ಅಧಮಾಧಮ ಎಂದು ಐದು ತರಗತಿಗಳಾಗಿ ವಿಂಗಡಿಸಿ, ಹಳ್ಳಿ ಹಳ್ಳಿಯಲ್ಲಿಯೂ ಪ್ರತಿ ತರಗತಿಯ ಒಂದೊಂದು ಹೊಲವನ್ನು ಹನ್ನೆರಡು ವರ್ಷ ಸರ್ಕಾರದ ಖರ್ಚಿನಿಂದಲೇ ಬೆಳೆಸಿ, ಬಿತ್ತಿದ ಬೀಜ, ತಗುಲಿದ ವೆಚ್ಚ, ಬಂದ ಫಸಲು, ಅದರ ಬೆಲೆ ಇವೆಲ್ಲವನ್ನೂ ಬರೆಸಿ, ಸರಾಸರಿಯನ್ನು ತೆಗೆದು, ಮೂರನೆಯ ಒಂದು ಪಾಲನ್ನು ಸರ್ಕಾರಕ್ಕೆ ಗೊತ್ತುಮಾಡಿದನೆಂದು ಪರಂಪರೆಯಿಂದ ತಿಳಿದುಬಂದಿದೆ. ಇಂದು ಶಾಲೆಯಲ್ಲಿ ಗುರುಗಳು ಹೇಳುವ ‘ಶಿಸ್ತು’ ಅಂದು ಅಳತೆಗೆ ಒಳಪಟ್ಟ ತೆರಿಗೆಯಾಗಿತ್ತು.

ಸುಮಾರು ಎರಡು ಶತಮಾನಗಳ ಅನಂತರ, 1830ರ ದಶಕದಿಂದ, ಮುಂಬಯಿ ಪ್ರಾಂತದಲ್ಲಿ ಗೋಲ್ಡ್‌ಸ್ಮಿಡ್ ಮತ್ತು ವಿಂಗೇಟ್ ಎಂಬ ಅಧಿಕಾರಿಗಳು ನಡೆಸಿದ ಮೋಜಣಿಯೂ ಇದೇ ದಾರಿಯಲ್ಲಿ ನಡೆಯಿತು. ಮಣ್ಣಿನ ಆಳ ಮತ್ತು ಬಣ್ಣವನ್ನು ನೋಡಿ, ಹದಿನಾರು ಆಣೆಯಿಂದ ಎರಡು ಆಣೆಯವರೆಗೆ ಒಂಬತ್ತು ತರಗತಿಗಳನ್ನು ಮಾಡಿ, ಮೂವತ್ತು ವರ್ಷಗಳಿಗೆ ಕಂದಾಯವನ್ನು ಗೊತ್ತುಪಡಿಸುವ ಕ್ರಮವದು. ಇಂದಿನ ಸರ್ವೆ ನಂಬರು, ಗಟ್ ನಂಬರುಗಳ ಬೇರು ಅಲ್ಲಿದೆ. ಬರಗಾಲದಲ್ಲಿ ಕೇಳಿಬರುವ ‘ಆಣೆವಾರಿ’ ಎಂಬ ಮಾತಿನಲ್ಲಿಯೂ ಫಸಲನ್ನು ಆಣೆಗಳಲ್ಲಿ ಅಳೆಯುವ ಹಳೆಯ ಪದ್ಧತಿಯೇ ಉಳಿದಿದೆ.

ಇಂಗ್ಲೆಂಡಿನಲ್ಲಿಯೂ ಇದೇ ಪ್ರಶ್ನೆ

ಆದಿಲಶಾಹಿಯ ಮಹಜರುಗಳು ಬರೆಯಲ್ಪಡುತ್ತಿದ್ದ ಕಾಲದಲ್ಲಿ ಇಂಗ್ಲೆಂಡಿನ ವಕೀಲರೂ ಅರಸನ ನ್ಯಾಯಾಲಯಗಳ ಮತ್ತು ತೆರಿಗೆಯ ಕುರಿತು ಕೈಬರಹದ ಗ್ರಂಥಗಳನ್ನು ಪ್ರತಿಮಾಡಿಕೊಳ್ಳುತ್ತಿದ್ದರು. ಅಚ್ಚುಕೂಟಗಳು ಬಂದಿದ್ದರೂ ನ್ಯಾಯದ ಎಷ್ಟೋ ಬರಹಗಳು ಕೈಯಿಂದ ಕೈಗೇ ಸಾಗುತ್ತಿದ್ದವು. ಅಲ್ಲಿ ಅರಸನ ಲೆಕ್ಕದ ಮನೆಯ ಹೆಸರು ಎಕ್ಸ್‌ಚೆಕರ್. ಚದುರಂಗದ ಹಾಸಿನಂತೆ ಚೌಕಳಿಯ ಬಟ್ಟೆಯ ಮೇಲೆ ಬಿಲ್ಲೆಗಳನ್ನಿಟ್ಟು ಲೆಕ್ಕ ಮಾಡುತ್ತಿದ್ದುದರಿಂದ ಆ ಹೆಸರು ಬಂದಿತು. ಅದು ಬೊಕ್ಕಸವೂ ಹೌದು, ತೆರಿಗೆಯ ವ್ಯಾಜ್ಯಗಳ ನ್ಯಾಯಾಲಯವೂ ಹೌದು. ಹಣ ಕಟ್ಟಿದವನಿಗೆ ಸಿಗುತ್ತಿದ್ದ ರಸೀದಿಯು ಕಾಗದವಲ್ಲ, ಒಂದು ಕೋಲು. ಮೊತ್ತಕ್ಕೆ ತಕ್ಕಂತೆ ಅದರಲ್ಲಿ ಕಚ್ಚುಗಳನ್ನು ಕೊರೆದು ಉದ್ದಕ್ಕೆ ಸೀಳಿ ಅರ್ಧವನ್ನು ಅವನಿಗೆ, ಅರ್ಧವನ್ನು ಬೊಕ್ಕಸಕ್ಕೆ ಇಡುತ್ತಿದ್ದರು. ಎರಡೂ ಕೂಡಿದರೆ ಲೆಕ್ಕ ಸರಿ. ಅಕ್ಷರ ಬಾರದವನೂ ಪರೀಕ್ಷಿಸಬಹುದಾದ ದಾಖಲೆಯದು. ಮಹಜರಿನ ನೇಗಿಲಿನ ನಿಶಾನಿಗೆ ಹತ್ತಿರದ ಬಂಧು. ಆ ಪದ್ಧತಿ 1826ರವರೆಗೂ ಉಳಿದಿತ್ತು. 1834ರಲ್ಲಿ ಹಳೆಯ ಕೋಲುಗಳನ್ನು ಒಲೆಗಿಟ್ಟಾಗ ಬೆಂಕಿ ಹಬ್ಬಿ ಲಂಡನ್ನಿನ ಪಾರ್ಲಿಮೆಂಟಿನ ಭವನವೇ ಸುಟ್ಟುಹೋಯಿತು.

ಅರಸ ಮೊದಲನೆಯ ಚಾರ್ಲ್ಸ್ ಪಾರ್ಲಿಮೆಂಟನ್ನು ಕೇಳದೆ ‘ಹಡಗಿನ ಹಣ’ವೆಂಬ ತೆರಿಗೆಯನ್ನು ವಿಧಿಸಿದಾಗ ಜಾನ್ ಹ್ಯಾಂಪ್ಡನ್ ಎಂಬ ಜಮೀನುದಾರನು ಇಪ್ಪತ್ತು ಷಿಲಿಂಗು ಕಟ್ಟಲು ನಿರಾಕರಿಸಿದನು. 1637ರಲ್ಲಿ ಹನ್ನೆರಡು ನ್ಯಾಯಾಧೀಶರ ಮುಂದೆ ವಿಚಾರಣೆ ಆರಂಭವಾಗಿ, ಏಳು ಮಂದಿ ಅರಸನ ಪರವಾಗಿಯೂ ಐವರು ವಿರುದ್ಧವಾಗಿಯೂ ತೀರ್ಪು ಕೊಟ್ಟರು. ಹ್ಯಾಂಪ್ಡನ್ ಸೋತನು. ಆದರೆ 1641ರಲ್ಲಿ ಪಾರ್ಲಿಮೆಂಟು ಆ ತೆರಿಗೆಯೇ ಅಕ್ರಮವೆಂದು ಶಾಸನ ಮಾಡಿತು. ಅದಕ್ಕೆ ಕೆಲವು ವರ್ಷ ಮೊದಲು, 1634ರಲ್ಲಿ, ಪ್ರಸಿದ್ಧ ನ್ಯಾಯವಿದ ಎಡ್ವರ್ಡ್ ಕೋಕ್ ಮರಣಶಯ್ಯೆಯಲ್ಲಿದ್ದಾಗ ಅರಸನ ಆಳುಗಳು ಅವನ ಹಸ್ತಪ್ರತಿಗಳನ್ನು ವಶಪಡಿಸಿಕೊಂಡಿದ್ದರು. ದೇಶದ ನ್ಯಾಯಾಲಯಗಳ ಅಧಿಕಾರದ ಮೇರೆಗಳನ್ನು ವಿವರಿಸುವ ಅವನ ಗ್ರಂಥಭಾಗ 1644ರಲ್ಲಿ, ಅವನ ಮರಣಾನಂತರ, ಅಚ್ಚಾಯಿತು. ತೆರಿಗೆಯ ಕಾನೂನನ್ನು ಬರೆದ ಕಾಗದಕ್ಕೆ ಅರಸನೇ ಅಂಜಿದ ಉದಾಹರಣೆಯಿದು.

ಭಾಷೆಯ ತೊಡಕು ಅಲ್ಲಿಯೂ ಇತ್ತು. ನ್ಯಾಯಾಲಯದ ದಾಖಲೆಗಳು ಲ್ಯಾಟಿನ್ನಿನಲ್ಲಿ; ವಕೀಲರ ಟಿಪ್ಪಣಿಗಳು ಒಂದು ಬಗೆಯ ಹಳೆಯ ಫ್ರೆಂಚಿನಲ್ಲಿ; ಲಿಪಿಯೋ ಕಚೇರಿಯವರಿಗೆ ಮಾತ್ರ ಗೊತ್ತಿದ್ದ ಸುತ್ತುಬರಹ. ಇಂಗ್ಲಿಷ್ ಮಾತಾಡುವ ರೈತನು ಇಂಗ್ಲೆಂಡಿನಲ್ಲಿಯೇ ತನ್ನ ಮೇಲಿನ ದಾವೆಯನ್ನು ಓದಲಾರದವನಾಗಿದ್ದನು. ನ್ಯಾಯಾಲಯದ ಕಾಗದಗಳು ಇಂಗ್ಲಿಷಿನಲ್ಲಿಯೇ ಇರಬೇಕು, ಸಾಮಾನ್ಯರು ಓದಬಲ್ಲ ಅಕ್ಷರದಲ್ಲಿಯೇ ಇರಬೇಕು ಎಂಬ ಶಾಸನವು ಜಾರಿಗೆ ಬಂದದ್ದು 1733ರಲ್ಲಿ. ನಮ್ಮ ಕಡೆಯಲ್ಲಿ ಶಿವಾಜಿ ಮಹಾರಾಜರು ರಘುನಾಥ ನಾರಾಯಣ ಹಣಮಂತೆಯವರ ಮೂಲಕ ‘ರಾಜವ್ಯವಹಾರಕೋಶ’ವನ್ನು ರಚಿಸಿ, ಆಡಳಿತದ ಪಾರಸಿ ಪದಗಳಿಗೆ ಸಂಸ್ಕೃತದ ಪದಗಳನ್ನು ಒದಗಿಸಿದ್ದರು. ಆದರೂ ಹಳ್ಳಿಯ ಬಾಯಲ್ಲಿ ಬೇರೂರಿದ್ದ ಜಮೀನು, ವಸೂಲಿಗಳು ಅಲ್ಲಾಡಲಿಲ್ಲ.

ಕಾಗದ ತೋರಿಸದವರಿಗೆ ಹಕ್ಕಿಲ್ಲ

ತಮ್ಮ ದೇಶದಲ್ಲಿ ಇಂಥ ಹೋರಾಟವನ್ನು ಕಂಡವರೇ ಇಲ್ಲಿಗೆ ಬಂದು ಆಳುವವರಾದಾಗ ಹಳೆಯ ಕಾಗದಗಳನ್ನು ಇನ್ನಷ್ಟು ಬಿಗಿಯಾಗಿ ಕೇಳಿದರು. ದೇವಸ್ಥಾನ, ಮಠ, ದರ್ಗಾ, ಸೈನಿಕ, ವಿದ್ವಾಂಸ, ಊರಿನ ಸೇವಕ ಇವರಿಗೆ ಹಿಂದಿನ ಅರಸರು ಕೊಟ್ಟಿದ್ದ ತೆರಿಗೆಯಿಲ್ಲದ ಭೂಮಿಯೇ ಇನಾಮು. 1843ರಲ್ಲಿ ದಕ್ಷಿಣ ಮರಾಠಾ ಸೀಮೆಯಲ್ಲಿ, ಅಂದರೆ ಧಾರವಾಡ–ಬೆಳಗಾವಿಯ ಕಡೆಯಲ್ಲಿ, ಇನಾಮುಗಳ ವಿಚಾರಣೆ ಆರಂಭವಾಯಿತು. 1852ರ ಕಾಯಿದೆಯಿಂದ ಅದು ‘ಇನಾಮು ಕಮಿಷನ್’ ಎಂದು ಬಲಗೊಂಡು ಮುಂಬಯಿ ಪ್ರಾಂತಕ್ಕೆ ವಿಸ್ತರಿಸಿತು. ಸನದು ಎಲ್ಲಿದೆ, ಮುದ್ರೆ ನಿಜವೇ, ಕೊಟ್ಟವನಿಗೆ ಕೊಡುವ ಅಧಿಕಾರವಿತ್ತೇ ಎಂಬ ಪ್ರಶ್ನೆಗಳಿಗೆ ಉತ್ತರಿಸಲಾರದ ಸಾವಿರಾರು ಮನೆತನಗಳ ಇನಾಮುಗಳು ಮುಟ್ಟುಗೋಲಾದವು. ತಲೆತಲಾಂತರದಿಂದ ಉಂಡ ಭೂಮಿ, ಎಂದರೆ ವಿಜ್ಞಾನೇಶ್ವರನ ‘ಭುಕ್ತಿ’, ಸಾಲದಾಯಿತು, ‘ಲಿಖಿತ’ವೇ ಬೇಕಾಯಿತು. ಕಾಗದವು ಗೆದ್ದಲಿಗೆ ಹೋಗಿದ್ದವರು, ಮನೆಯ ಬೆಂಕಿಯಲ್ಲಿ ಕಳೆದುಕೊಂಡವರು, ಪೆಟ್ಟಿಗೆಯಲ್ಲಿದ್ದುದನ್ನು ಓದಿಸಲಾರದವರು ಹಕ್ಕನ್ನು ಕಳೆದುಕೊಂಡರು. 1858ರಲ್ಲಿ ನರಗುಂದದ ಬಾಬಾಸಾಹೇಬರು ಬಂಡೆದ್ದಾಗ ಸು‌ರೇಬಾನದಲ್ಲಿ ಹತನಾದ ಮ್ಯಾನ್ಸನ್ ಎಂಬ ಅಧಿಕಾರಿಯು ಹಿಂದೆ ಈ ಕಮಿಷನ್ನಿನಲ್ಲಿ ಕೆಲಸ ಮಾಡಿದವನು. ಬಾಬಾಸಾಹೇಬರ ದತ್ತಕಕ್ಕೆ ಒಪ್ಪಿಗೆ ಸಿಗದಿದ್ದುದು ಆ ಬಂಡಾಯದ ಪ್ರಮುಖ ಕಾರಣ. ಇನಾಮುದಾರರ ಅಸಮಾಧಾನವೂ ಆ ಸೀಮೆಯಲ್ಲಿ ಹೊಗೆಯಾಡುತ್ತಿತ್ತು.

ಆ ವಿಚಾರಣೆಗಾಗಿ ಸಂಗ್ರಹವಾದ ಕಾಗದಗಳಲ್ಲಿ ಹೆಚ್ಚಿನವು ಪೇಶ್ವೆಯರ ದಫ್ತರಿನೊಡನೆ ಪುಣೆಯ ಪತ್ರಾಗಾರದಲ್ಲಿವೆ. ಅಲ್ಲಿ ಕಾಗದದ ಕಟ್ಟುಗಳನ್ನು ಬಟ್ಟೆಯಲ್ಲಿ ಸುತ್ತಿಡುತ್ತಾರೆ. ಆ ಕಟ್ಟಿನ ಹೆಸರು ರುಮಾಲು. ಅಜ್ಜನ ತಲೆಯ ಮೇಲಿನ ರುಮಾಲೂ ದಫ್ತರಿನ ರುಮಾಲೂ ಒಂದೇ ಮಾತು. ಗೋವಿಂದ ಸಖಾರಾಮ ಸರದೇಸಾಯಿಯವರು 1930ರ ದಶಕದ ಆರಂಭದಲ್ಲಿ ಪೇಶ್ವೆ ದಫ್ತರಿನಿಂದ ಆರಿಸಿದ ಕಾಗದಗಳನ್ನು 45 ಸಂಪುಟಗಳಲ್ಲಿ ಪ್ರಕಟಿಸಿದರು. ಓದಿ ಅಚ್ಚಾಗದೆ ಉಳಿದಿರುವುದು ಅದಕ್ಕಿಂತ ಎಷ್ಟೋ ಪಾಲು ಹೆಚ್ಚು.

ಮುರಿದ ಕೊಂಡಿ, ಮಕ್ಕಳ ಪಾಲು

1948ರ ಮಾರ್ಚ್ 8ರಂದು ದಖ್ಖನಿನ ಇತರ ಸಂಸ್ಥಾನಗಳೊಡನೆ ಜತ್ತವೂ ಮುಂಬಯಿ ರಾಜ್ಯದಲ್ಲಿ ವಿಲೀನವಾಯಿತು. 1950ರ ಕಾಯಿದೆಯಿಂದ ಕುಲಕರ್ಣಿ ವತನ ರದ್ದಾಯಿತು. ಸರ್ಕಾರಿ ಸಂಬಳದ ತಲಾಠಿ ಬಂದನು. ವಂಶಪಾರಂಪರ್ಯದ ಅಧಿಕಾರ ಹೋದದ್ದು ನ್ಯಾಯವೇ. ಅದೇ ಕಾಲದಲ್ಲಿ ಮೋಡಿಯೂ ಶಾಲೆಗಳಿಂದ ಮತ್ತು ಕಚೇರಿಗಳಿಂದ ಮರೆಯಾಗಿ, ಅದರ ಸ್ಥಾನವನ್ನು ಬಾಳಬೋಧ, ಅಂದರೆ ದೇವನಾಗರಿ, ತುಂಬಿತು. ಲೇಖನಿಯನ್ನು ಆದಷ್ಟು ಎತ್ತದೆ, ಮೊದಲೇ ಎಳೆದ ತಲೆಗೆರೆಯ ಕೆಳಗೆ ವೇಗವಾಗಿ ಬರೆಯುತ್ತಿದ್ದ ಆ ಲಿಪಿಯನ್ನು ಓದಬಲ್ಲವರು ತಲೆಮಾರಿಗೆ ತಲೆಮಾರು ಕಡಿಮೆಯಾದರು. ಹೀಗಾಗಿ ಗಡಿಭಾಗದ ಕನ್ನಡ ಮನೆಯೊಂದರಲ್ಲಿ ಹಳೆಯ ಪತ್ರವಿದ್ದರೆ ಎರಡು ಬೀಗಗಳು ಬಿದ್ದಂತೆ: ಭಾಷೆಯದೊಂದು, ಲಿಪಿಯದೊಂದು. ಖರೀದಿಯ ಖತ, ವಾಟಣಿಪತ್ರ, ದತ್ತಕಪತ್ರ, ಬಾವಿಯ ಪಾಲಿನ ಕರಾರು ಇವು ಇಂದಿನ ಫೇರಫಾರಿನ ಒಂದು ಸಾಲಿನ ಹಿಂದೆ ಇರಬಹುದಾದ ಕಾಗದಗಳು. ವ್ಯಾಜ್ಯ ಬಂದಾಗ ಅವನ್ನು ಓದಿಸಿ ಲಿಪ್ಯಂತರ ಮಾಡಿಸುವವರೆಗೆ ಅವು ಇದ್ದೂ ಇಲ್ಲದಂತೆ.

ಇಂಥ ಕಾಗದವನ್ನು ಮನೆಯಲ್ಲಿ ಉಳಿಸಿಕೊಳ್ಳುವುದು ಕಷ್ಟವಲ್ಲ. ಮಡಿಕೆಯನ್ನು ಬಲವಂತವಾಗಿ ಬಿಡಿಸಬಾರದು. ಹರಿದಲ್ಲಿ ಅಂಟುಪಟ್ಟಿಯನ್ನು ಹಚ್ಚಬಾರದು. ಪ್ಲಾಸ್ಟಿಕ್ಕಿನ ಲ್ಯಾಮಿನೇಷನ್ ಅಂತೂ ಕೂಡದು, ಅದನ್ನು ಮತ್ತೆ ತೆಗೆಯಲು ಬಾರದು. ತೇವವಿಲ್ಲದ ಕಡೆ ಒಗೆದ ಹತ್ತಿಯ ಬಟ್ಟೆಯಲ್ಲಿ ಸುತ್ತಿಡುವುದು ಹಿರಿಯರ ಕ್ರಮ. ಬಜೆಯ ಬೇರನ್ನೋ ಬೇವಿನ ಎಲೆಯನ್ನೋ ಅದರೊಡನೆ ಇಡುತ್ತಿದ್ದರು. ಹಗಲ ಬೆಳಕಿನಲ್ಲಿ ಎರಡೂ ಮಗ್ಗುಲಿನ ಚಿತ್ರವನ್ನು ಮೊಬೈಲಿನಲ್ಲಿ ತೆಗೆದು ಬೇರೆ ಎರಡು ಕಡೆ ಉಳಿಸಿಟ್ಟರೆ, ಓದುವವರಿಗೆ ಆ ಚಿತ್ರವನ್ನೇ ಕೊಡಬಹುದು. ಮೂಲವನ್ನು ಅಪರಿಚಿತರ ಕೈಗೆ ಕೊಡಬಾರದು.

ಕನ್ನಡ ಮಾಧ್ಯಮದ ಮಕ್ಕಳಿಗೆ ಇಲ್ಲಿ ಒಂದು ವಿಶೇಷ ಸೌಕರ್ಯವಿದೆ. ಅವರು ಮನೆಯಲ್ಲಿ ಕನ್ನಡವನ್ನೂ, ಶಾಲೆಯಲ್ಲಿ ಮರಾಠಿಯನ್ನೂ ಅದರ ದೇವನಾಗರಿಯನ್ನೂ ಕಲಿಯುತ್ತಾರೆ. ಮೋಡಿಯನ್ನು ಕಲಿಯಲು ಅದಕ್ಕಿಂತ ಹೆಚ್ಚಿನ ಸಿದ್ಧತೆ ಬೇಡ. ಮಹಾರಾಷ್ಟ್ರದಲ್ಲಿ ಅದನ್ನು ಕಲಿಸುವ ತರಗತಿಗಳೂ ಪುಸ್ತಕಗಳೂ ಇವೆ. ಮರಾಠಿ ಮಾತ್ರ ಬಲ್ಲ ಸಂಶೋಧಕನು ಜತ್ತದ ಕಾಗದದಲ್ಲಿ ಹೊಲದ ಹೆಸರಾಗಿ ಬರುವ ಕನ್ನಡ ಪದವನ್ನು ಕಂಡು ತಡೆದು ನಿಂತರೆ, ಹಳ್ಳ, ಮಡ್ಡಿ, ಎರೆ, ಕೆರೆ ಎಂಬ ಮಾತುಗಳು ಸೋನ್ಯಾಳದ ಬಾಲಕನಿಗೆ ಆಟದ ಬಯಲಷ್ಟೇ ಪರಿಚಿತ. ಕನ್ನಡ ಮಾತ್ರ ಬಲ್ಲವನಿಗೆ ಮೋಡಿಯೇ ಗೋಡೆ. ಎರಡನ್ನೂ ಬಲ್ಲವರು ಗಡಿಯಲ್ಲಿ ಮಾತ್ರ ಬೆಳೆಯುತ್ತಾರೆ.

ಮೊದಲ ಪಾಠಕ್ಕೆ ಪತ್ರಾಗಾರದವರೆಗೆ ಹೋಗಬೇಕಾಗಿಲ್ಲ. ಮನೆಯ ಸಾತ್‌ಬಾರಾ ಉತಾರೆಯನ್ನು ಮಗುವಿನ ಮುಂದಿಟ್ಟು, ಖಾತೆದಾರರ ಹೆಸರು, ಗಟ್ ನಂಬರು, ಕ್ಷೇತ್ರ, ಆಕಾರಣಿ, ಫೇರಫಾರಿನ ಕ್ರಮಸಂಖ್ಯೆ ಇವನ್ನು ಗಟ್ಟಿಯಾಗಿ ಓದಿಸಿದರೆ ಸಾಕು. ತಪ್ಪಿದ ಹೆಸರು, ಬಿಟ್ಟುಹೋದ ತಂಗಿಯ ಪಾಲು, ತೀರಿದ ಮೇಲೂ ಉಳಿದ ಸೊಸೈಟಿಯ ಸಾಲದ ಬೋಜಾ ಇವು ಎಷ್ಟೋ ವೇಳೆ ಹಾಗೆ ಓದಿದಾಗಲೇ ಕಣ್ಣಿಗೆ ಬೀಳುತ್ತವೆ. ಬಿದ್ದ ಕೂಡಲೇ ತಲಾಠಿಯ ಬಳಿ ಅರ್ಜಿ ಕೊಟ್ಟು ಸರಿಪಡಿಸಿಕೊಳ್ಳಬಹುದು. ಮಹಜರಿನ ಕೊನೆಯಲ್ಲಿ ನೇಗಿಲನ್ನು ಬಿಡಿಸಿದ ರೈತನಿಗೆ ಅದರ ಮೇಲಿನ ಬರಹವನ್ನು ಪರೀಕ್ಷಿಸುವ ಉಪಾಯವಿರಲಿಲ್ಲ. ಇಂದಿನ ಮನೆಗಳಲ್ಲಿ ಆ ಉಪಾಯವು ಶಾಲೆಗೆ ಹೋಗುವ ಮಗುವಿನ ರೂಪದಲ್ಲಿ ಇದೆ.